ಮರದ ಡ್ರೈವರ್, ಟೈಟಾನಿಯಂ ಡ್ರೈವರ್: ಎರಡನ್ನೂ ಬೀಸಿ ನೋಡಿದ ಮೇಲೆ

1980ರಲ್ಲಿ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನಲ್ಲಿ ಚೆಂಡನ್ನು ಎಲ್ಲರಿಗಿಂತ ದೂರ ಹೊಡೆಯುತ್ತಿದ್ದವರು ಡ್ಯಾನ್ ಪೋಲ್. ಅವರ ಸರಾಸರಿ 274 ಯಾರ್ಡ್ (ಗಜ). 2023ರಲ್ಲಿ ಅದೇ ಪಟ್ಟಿಯ ಮೊದಲ ಹೆಸರು ರೋರಿ ಮೆಕಿಲ್‌ರಾಯ್, ಸರಾಸರಿ 326. ಇದಕ್ಕೆ ಹೊಡೆಯುವ ಕೋಲು, ಅಂದರೆ ಕ್ಲಬ್ ಕಾರಣವೋ, ಚೆಂಡೋ, ಆಟಗಾರರ ಮೈಕಸುವೋ ಅಂತ ಗಾಲ್ಫ್ ಆಡುವವರು ಸೇರಿದಲ್ಲೆಲ್ಲ ವಾದ ನಡೆಯುತ್ತದೆ. ನನಗೆ ಕೈಯಲ್ಲಿ ಹಿಡಿದು ನೋಡದೆ ಸಮಾಧಾನವಿಲ್ಲ.

ಕೊಪ್ಪ ಕಡೆ ಕಾಫಿ ತೋಟದಲ್ಲಿರುವ ದೊಡ್ಡಪ್ಪನ ಮನೆಯಲ್ಲಿ ಪರ್ಸಿಮನ್ ಮರದ ಹಳೇ ಡ್ರೈವರ್ (ತುಂಬಾ ದೂರ ಹೊಡೆಯಲು ಬಳಸುವ ಕ್ಲಬ್) ಒಂದಿದೆ. ಪರ್ಸಿಮನ್ ಅಂದರೆ ನಮ್ಮ ಕರಿಮರದ ಕುಲಕ್ಕೇ ಸೇರಿದ ಅಮೆರಿಕದ ಮರ, ಬಲು ಗಟ್ಟಿ. ಹೊಸ ಟೈಟಾನಿಯಂ ಡ್ರೈವರನ್ನು ಗೆಳೆಯನ ಹತ್ತಿರ ಕೇಳಿ ತಂದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಗದ್ದೆ ಕೊಯ್ಲಾಗಿ ನೆಲ ಒಣಗಿತ್ತು. ಒಂದೇ ಜಾಗ, ಒಂದೇ ಬಗೆಯ ಚೆಂಡು, ಒಂದೇ ಮಧ್ಯಾಹ್ನ. ಇದು ಮುಖ್ಯ, ಯಾಕೆಂದರೆ ಎತ್ತರದ ಚಿಕ್ಕಮಗಳೂರಿನ ತೆಳು ಗಾಳಿಯಲ್ಲಿ ಚೆಂಡು ಸ್ವಲ್ಪ ಜಾಸ್ತಿ ಹೋಗುತ್ತದೆ. ಮಳೆಗಾಲದ ಒದ್ದೆ ನೆಲದಲ್ಲಾದರೆ ಬಿದ್ದಲ್ಲೇ ಕೂತುಬಿಡುತ್ತದೆ.

ಮರದ ಡ್ರೈವರಿನ ತಲೆ ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಚೆಂಡು ಸರಿಯಾಗಿ ನಡುವಿಗೆ ತಗುಲಿದರೆ ಮೆತ್ತಗೆ 'ಟಕ್' ಅನ್ನುತ್ತದೆ, ಕೈಗೆ ಏನೂ ಗೊತ್ತೇ ಆಗುವುದಿಲ್ಲ. ಆ ಹೊಡೆತ ಟೈಟಾನಿಯಂನ ಒಳ್ಳೆಯ ಹೊಡೆತಕ್ಕಿಂತ ತುಂಬಾ ಏನೂ ಹಿಂದೆ ಬೀಳಲಿಲ್ಲ. ನಿಜವಾದ ವ್ಯತ್ಯಾಸ ಕಂಡಿದ್ದು ನಡು ತಪ್ಪಿದಾಗ. ತುದಿಗೆ ತಗುಲಿದರೆ ಮರದ ಡ್ರೈವರ್ ಕೈಯಲ್ಲೇ ತಿರುಚಿಕೊಳ್ಳುತ್ತದೆ, ಮೊಣಕೈವರೆಗೂ ಜುಮ್ಮೆನ್ನುತ್ತದೆ, ಚೆಂಡು ಕೆಳಗಿನ ಗದ್ದೆಯ ಅಂಚು ದಾಟುವ ಮೊದಲೇ ಬೀಳುತ್ತದೆ. ಟೈಟಾನಿಯಂನಲ್ಲಿ ಅಂಥದೇ ತಪ್ಪು ಹೊಡೆತ ಅಂಚನ್ನು ಆರಾಮಾಗಿ ದಾಟಿಹೋಯಿತು.

ಟೈಟಾನಿಯಂ ಉಕ್ಕಿಗಿಂತ ಹಗುರ, ಗಟ್ಟಿಯೂ ಹೌದು, ಆದ್ದರಿಂದ ತೆಳು ತಗಡಿನಿಂದ ಒಳಗೆ ಟೊಳ್ಳಾದ ತಲೆಯನ್ನು ದೊಡ್ಡದಾಗಿ ಮಾಡಿ ತೂಕವನ್ನು ಸುತ್ತಲೂ ಹಂಚಬಹುದು. ಹಾಗಾಗಿ ಏಟು ಬಿದ್ದಾಗ ತಲೆ ಅಷ್ಟಾಗಿ ತಿರುಗುವುದಿಲ್ಲ. ಮುಂಭಾಗದ ತೆಳು ತಗಡು ಒಳಕ್ಕೆ ಬಾಗಿ ಚಿಮ್ಮುತ್ತದೆ. ಈ ಚಿಮ್ಮುವಿಕೆಗೂ ನಿಯಮದ ಮಿತಿ ಇದೆ, ತಲೆಯ ಗಾತ್ರಕ್ಕೂ ಇದೆ: 460 ಸಿಸಿ. ಹಳೆಯದರ ಶಾಫ್ಟ್ (ತಲೆ ಕೂರಿಸಿದ ಉದ್ದ ಕೋಲು) ಉಕ್ಕಿನದು, ಸುಮಾರು 43 ಇಂಚು. ಹೊಸದು ಗ್ರಾಫೈಟ್, 45ಕ್ಕಿಂತ ಜಾಸ್ತಿ, ತೂಕ ಹೆಚ್ಚುಕಮ್ಮಿ ಅರ್ಧ. ಉದ್ದವೂ ಹೌದು, ಹಗುರವೂ ಹೌದು, ವೇಗ ತಾನಾಗೇ ಏರುತ್ತದೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಮರದ ಡ್ರೈವರ್ ಹಿಡಿದಾಗ ಮೈ ತಾನಾಗೇ ಬಿಗಿ ಹಿಡಿಯುತ್ತದೆ, ನಡು ತಪ್ಪೀತು ಅಂತ. ಟೈಟಾನಿಯಂ ಹಿಡಿದರೆ ಆ ಭಯ ಇಲ್ಲ, ಪೂರ್ತಿ ಬಲ ಬಿಟ್ಟು ಬೀಸಬಹುದು. ವೃತ್ತಿಪರರಿಗೆ ಸಿಕ್ಕ ಯಾರ್ಡ್‌ಗಳಲ್ಲಿ ದೊಡ್ಡ ಪಾಲು ಈ ಧೈರ್ಯದ್ದು ಅಂತ ನನಗೆ ಖಾತ್ರಿಯಾಯಿತು.

ಇನ್ನು ಚೆಂಡು. ದೊಡ್ಡಪ್ಪನ ಚೀಲದಲ್ಲಿ ಬಲಾಟಾ (ರಬ್ಬರಿನಂಥ ಮೆತ್ತನೆಯ ವಸ್ತು) ಹೊದಿಕೆಯ ಹಳೇ ಚೆಂಡೂ ಇತ್ತು. ಅದರ ರಬ್ಬರ್ ಸತ್ತುಹೋಗಿದ್ದರಿಂದ ಹೊಡೆದು ಹೋಲಿಸುವುದು ನ್ಯಾಯವಲ್ಲ. ಕತ್ತಿಯಿಂದ ಸೀಳಿದೆ. ಒಳಗೆ ತೆಳ್ಳನೆಯ ರಬ್ಬರ್ ದಾರ, ಒಂದರ ಮೇಲೊಂದು ಬಿಗಿಯಾಗಿ ಸುತ್ತಿದ್ದು. ಹೊರಗಿನ ಎಳೆಗಳು ಮುಟ್ಟಿದರೆ ತುಂಡಾಗುತ್ತಿದ್ದವು, ಒಳಗಿನವು ಇನ್ನೂ ಎಳೆದರೆ ಹಿಗ್ಗುತ್ತಿದ್ದವು. ಆ ಕಾಲದಲ್ಲಿ ಈ ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಚೆನ್ನಾಗಿ ನಿಲ್ಲುತ್ತಿತ್ತು. ಆದರೆ ಡ್ರೈವರ್ ಏಟಿಗೆ ವಿಪರೀತ ಸ್ಪಿನ್ ಪಡೆದು ಮೇಲಕ್ಕೇ ಏರಿ ದೂರ ಕಳೆದುಕೊಳ್ಳುತ್ತಿತ್ತು. ಗಟ್ಟಿ ಎರಡು ಪದರದ ಚೆಂಡು ದೂರ ಹೋಗುತ್ತಿತ್ತು, ಗ್ರೀನ್ ಮೇಲೆ ನಿಲ್ಲುತ್ತಿರಲಿಲ್ಲ. ಅದಕ್ಕೇ ಹೆಚ್ಚಿನ ವೃತ್ತಿಪರರು ಬಲಾಟಾ ಬಿಟ್ಟಿರಲಿಲ್ಲ.

ಈಗಿನ ಎರಡು ಬಗೆ ಹೋಲಿಸಲು ಚಿಕ್ಕಮಗಳೂರಿನ ಗಾಲ್ಫ್ ಮೈದಾನಕ್ಕೆ ಹೋದೆ. ಅಗ್ಗದ ಎರಡು ಪದರದ್ದು, ಯುರೆಥೇನ್ (ಒಂದು ಬಗೆಯ ಮೆತ್ತನೆಯ ಪ್ಲಾಸ್ಟಿಕ್) ಹೊದಿಕೆಯ ಬಹುಪದರದ್ದು. ಡ್ರೈವರ್‌ನಿಂದ ಎರಡೂ ಹತ್ತಿರ ಹತ್ತಿರ ಬಿದ್ದವು. ಗ್ರೀನ್ ಪಕ್ಕದ ಸಣ್ಣ ಹೊಡೆತದಲ್ಲಿ ಅಗ್ಗದ್ದು ಓಡಿಹೋಯಿತು, ಯುರೆಥೇನ್ ಒಮ್ಮೆ ಪುಟಿದು ಕಚ್ಚಿ ನಿಂತಿತು. ಎರಡೂ ಗುಣ ಒಂದರಲ್ಲೇ! 2000ದ ಅಕ್ಟೋಬರ್‌ನಲ್ಲಿ ಟೈಟ್ಲಿಸ್ಟ್ ಕಂಪನಿಯ ಇಂಥದೇ ಚೆಂಡು ಪ್ರೊ ವಿ1 ಟೂರ್‌ಗೆ ಬಂದಾಗ ಆಟಗಾರರು ಮುಗಿಬಿದ್ದಿದ್ದು ಇದಕ್ಕೇ. ಆ ವಾರ ಲಾಸ್ ವೇಗಸ್‌ನಲ್ಲಿ ಅದನ್ನೇ ಹೊಡೆದು ಬಿಲ್ಲಿ ಆಂಡ್ರೇಡ್ ಗೆದ್ದರು. ಆ ವರ್ಷ 273 ಯಾರ್ಡ್ ಇದ್ದ ಟೂರ್ ಸರಾಸರಿ 2003ಕ್ಕೆ 286 ಆಯಿತು. ಡ್ರೈವರ್ ತಲೆಗಳು ದೊಡ್ಡದಾಗಿದ್ದೂ ಅದೇ ಹೊತ್ತಿನಲ್ಲಿ.

ವ್ಯಾಯಾಮದ ಮಾತು ಚಿಕ್ಕದು. ಟೈಗರ್ ವುಡ್ಸ್ ಬಂದ ಮೇಲೆ ಜಿಮ್ ಎಲ್ಲರಿಗೂ ಮಾಮೂಲಾಯಿತು. 2020ರಲ್ಲಿ ಬ್ರೈಸನ್ ಡಿಶಾಂಬೋ ಮೈ ಬೆಳೆಸಿಕೊಂಡು ಸರಾಸರಿ 322 ಮುಟ್ಟಿದರು. ಬೀಸಿನ ವೇಗ, ಕೋನ, ಸ್ಪಿನ್ ಅಳೆಯುವ ರೇಡಾರ್ ಯಂತ್ರಗಳೂ ಇವತ್ತು ಹೆಚ್ಚಿನ ವೃತ್ತಿಪರರ ಜೊತೆಗಿವೆ. ಚೆಂಡು ಕೂರಿಸುವ ಸಣ್ಣ ಗೂಟ, ಅಂದರೆ ಟೀ ಸ್ವಲ್ಪ ಎತ್ತರಿಸಿ, ಚೆಂಡನ್ನು ಎಡಗಾಲಿನ ಕಡೆ ಇಟ್ಟು, ಮೇಲ್ಮುಖವಾಗಿ ಹೊಡೆದರೆ ದೂರ ಜಾಸ್ತಿ. ಗದ್ದೆಯಲ್ಲೂ ಇದು ಎದ್ದು ಕಂಡಿತು, ಆದರೆ ಟೈಟಾನಿಯಂನಲ್ಲಿ ಮಾತ್ರ. ಮರದ್ದರ ಗಿಡ್ಡ ತಲೆ ಎತ್ತರದ ಟೀ ಮೇಲಿನ ಚೆಂಡಿನ ಕೆಳಗೆ ನುಸುಳಿಬಿಡುತ್ತದೆ.

ಚೆಂಡಿನ ದೂರಕ್ಕೆ ಕಡಿವಾಣ ಹಾಕಲು ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಯುಎಸ್‌ಜಿಎ ಮತ್ತು ಆರ್ ಅಂಡ್ ಎ 2023ರ ಡಿಸೆಂಬರ್‌ನಲ್ಲಿ ಚೆಂಡಿನ ಪರೀಕ್ಷೆಯ ಬೀಸಿನ ವೇಗವನ್ನು ಗಂಟೆಗೆ 120ರಿಂದ 125 ಮೈಲಿಗೆ ಏರಿಸುವುದಾಗಿ ಹೇಳಿದವು; ಅಂದರೆ ಹೆಚ್ಚು ವೇಗದಲ್ಲಿ ಹೊಡೆದರೂ ಚೆಂಡು ಹಳೆಯ ದೂರದ ಮಿತಿಯನ್ನು ಮೀರಬಾರದು. ಅದರಿಂದ ದೂರ ಹೊಡೆಯುವವರಿಗೆ ಹದಿನೈದು ಯಾರ್ಡ್‌ವರೆಗೆ ಕಡಿಮೆಯಾಗುತ್ತದಂತೆ. ನನ್ನನ್ನು ಕೇಳಿದರೆ ವೃತ್ತಿಪರರಿಗೆ ಮೊದಲು ಆ 460 ಸಿಸಿಯನ್ನೇ ಇಳಿಸಬೇಕು. ಚೆಂಡು ಕುಗ್ಗಿಸಿದರೆ ನಡುವಿಗೆ ಹೊಡೆದವನಿಗೂ ನಡು ತಪ್ಪಿದವನಿಗೂ ಒಟ್ಟಿಗೇ ನಷ್ಟ. ತಲೆ ಚಿಕ್ಕದಾದರೆ ಪೂರ್ತಿ ಬಲ ಬಿಡುವ ಮೊದಲು ರೋರಿಯಂಥವರೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ.