ಸರಣಿಯ ಕೊನೇ ಪುಸ್ತಕ ಕೊಳ್ಳುವಾಗ ಪುಟಸಂಖ್ಯೆ ನೋಡಿಕೊಳ್ಳಿ: ನಕಲಿ ಪ್ರತಿಗಳ ಬಗ್ಗೆ ಎಚ್ಚರಿಕೆ

ಬೆಂಗಳೂರಿನ ಫುಟ್‌ಪಾತ್ ಒಂದರಲ್ಲಿ 150 ರೂಪಾಯಿಗೆ ಮಾರಾಟವಾದ ‘ಅಲೀಜಿಯಂಟ್’ನ ಪ್ರತಿಯೊಂದು ಈಗ ನಮ್ಮ ಮುಂದಿದೆ. ವೆರೋನಿಕಾ ರಾತ್ ಹದಿಹರೆಯದವರಿಗಾಗಿ ಇಂಗ್ಲಿಷಿನಲ್ಲಿ ಬರೆದ ಡೈವರ್ಜೆಂಟ್ ಸರಣಿಯ ಮೂರನೆಯ, ಅಂದರೆ ಕೊನೆಯ ಕಾದಂಬರಿ. ಈ ಪ್ರತಿಯಲ್ಲಿ 448ನೇ ಪುಟವಾದ ಮೇಲೆ 449 ಇಲ್ಲ, ಮತ್ತೆ 433 ಬರುತ್ತದೆ. 433ರಿಂದ 448ರವರೆಗೆ ಓದಿದ್ದೇ ಇನ್ನೊಂದು ಸಲ, ಅದಾದ ಮೇಲೆ ನೇರವಾಗಿ 465. ಕಥೆ ಮುಕ್ತಾಯದ ಕಡೆ ಓಡುತ್ತಿರುವ ಜಾಗದಲ್ಲೇ 16 ಪುಟ ಮಾಯ.

ಹೀಗೇಕೆ ಆಗುತ್ತದೆ ಅಂದರೆ, ಪುಸ್ತಕ ಬಿಡಿ ಹಾಳೆಗಳಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ, ಮಡಚಿ, 16 ಅಥವಾ 32 ಪುಟಗಳ ಫಾರಂ ಮಾಡುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿನ ಕಡೆ ಕತ್ತರಿಸಿ, ಬಿಸಿ ಅಂಟು ಹಾಕಿ ರಟ್ಟು ಕೂರಿಸುತ್ತಾರೆ. ಜೋಡಿಸುವಾಗ ಮುಂದಿನ ಫಾರಂ ಬದಲು ಹಿಂದಿನದೇ ಇನ್ನೊಂದು ಕೈಗೆ ಬಂದರೆ ಮೇಲೆ ಹೇಳಿದ ಹಾಗೆ ಆಗುತ್ತದೆ. ಹೋದದ್ದೂ 16 ಪುಟ, ಬಂದದ್ದೂ 16 ಪುಟ. ಪುಸ್ತಕದ ದಪ್ಪ, ತೂಕ ಎರಡೂ ಬದಲಾಗುವುದಿಲ್ಲ, ಕೈಗೆ ತೆಗೆದುಕೊಂಡರೆ ಏನೂ ಗೊತ್ತಾಗದು. ಒಳ್ಳೆಯ ಪ್ರೆಸ್‌ನಲ್ಲೂ ಇಂಥ ತಪ್ಪು ಆಗುವುದುಂಟು, ಆದರೆ ಅಲ್ಲಿ ತಪಾಸಣೆ ಇರುತ್ತದೆ, ತಪ್ಪಿ ಬಂದರೆ ಬದಲಿಸಿಕೊಡುವವರಿರುತ್ತಾರೆ. ಕದ್ದು ಅಚ್ಚು ಹಾಕಿದ ಪ್ರತಿಗೆ ಕೇಳುವವರೇ ಇಲ್ಲ.

ಕೊನೇ ಪುಸ್ತಕದಲ್ಲಿ ಇದು ಹೆಚ್ಚು ನೋಯಿಸಲು ಕಾರಣವಿದೆ. ಬೇರೆ ಪುಸ್ತಕವಾದರೆ ಅಂಗಡಿಯಲ್ಲೇ ಹಿಂದೆ ಮುಂದೆ ತಿರುವಿ ನೋಡುತ್ತೇವೆ. ಎರಡು ಭಾಗ ಓದಿ ಮೂರನೆಯದಕ್ಕೆ ಕಾದಿರುವ ಹುಡುಗ ಹುಡುಗಿಯರು ಕೊನೆಯ ಪುಟಗಳ ಕಡೆ ಕಣ್ಣೂ ಹಾಯಿಸುವುದಿಲ್ಲ, ಯಾರು ಉಳಿದರು ಯಾರು ಸತ್ತರು ಅಂತ ಮೊದಲೇ ಗೊತ್ತಾಗಿಬಿಟ್ಟರೆ ಅನ್ನುವ ಭಯ. ಆ ಭಯ ನ್ಯಾಯವಾದದ್ದೇ. ಆದರೆ ತಪ್ಪು ಸಿಕ್ಕುವುದು ಓದು ಮುಗಿಯುವ ಹೊತ್ತಿಗೆ, ಅಷ್ಟರಲ್ಲಿ ವಾಪಸು ಕೊಡುವ ಗಡುವು ಮುಗಿದಿರುತ್ತದೆ. ಉಳಿದದ್ದನ್ನು ಸಿನಿಮಾದಲ್ಲಿ ನೋಡಿಕೊಳ್ಳೋಣ ಅನ್ನುವ ಹಾಗೂ ಇಲ್ಲ. ಈ ಕೊನೇ ಪುಸ್ತಕವನ್ನು ಎರಡು ಸಿನಿಮಾ ಮಾಡಲು ಹೊರಟಿದ್ದರು. ಸರಣಿಯ ಮೂರನೇ ಸಿನಿಮಾ 2016ರಲ್ಲಿ ಬಂತು, ಕಥೆ ಮುಗಿಸಬೇಕಿದ್ದ ನಾಲ್ಕನೆಯದು ತಯಾರಾಗಲೇ ಇಲ್ಲ.

ಕಥೆ ಗೊತ್ತಾಗದ ಹಾಗೆ ಪರೀಕ್ಷಿಸುವುದು ಕಷ್ಟವೇನಲ್ಲ. ಒಂದು ಪೋಸ್ಟ್‌ಕಾರ್ಡ್ ಅಥವಾ ಮೆಟ್ರೋ ಕಾರ್ಡ್ ತೆಗೆದುಕೊಂಡು ಸಾಲುಗಳನ್ನು ಮುಚ್ಚಿ, ಪುಟಸಂಖ್ಯೆ ಮಾತ್ರ ಕಾಣುವ ಹಾಗೆ ಹಿಡಿಯಿರಿ. ಕೊನೆಯಿಂದ ಹಿಂದಕ್ಕೆ ಒಂದೊಂದೇ ಹಾಳೆ ತಿರುಗಿಸುತ್ತಾ 100 ಪುಟ ನೋಡಿ. ಸಂಖ್ಯೆ ಹಾರಿದೆಯೇ, ಎರಡು ಸಲ ಬಂದಿದೆಯೇ, ಹಾಳೆ ತಲೆಕೆಳಗಾಗಿದೆಯೇ, ನಡುವೆ ಖಾಲಿ ಪುಟ ಇದೆಯೇ ಅಂತಷ್ಟೇ ಗಮನಿಸಿ. ನಕಲಿ ಪ್ರತಿಗಳಲ್ಲಿ ಪುಟಸಂಖ್ಯೆಯೇ ಅರ್ಧ ಕತ್ತರಿಸಿ ಹೋಗಿರುವುದೂ ಇದೆ. ಹಾಗಿದ್ದರೆ ಇನ್ನೇನೂ ನೋಡದೆ ಕೆಳಗಿಡಿ. ಅಲೀಜಿಯಂಟ್‌ನಲ್ಲಿ ಅಧ್ಯಾಯದ ತಲೆಬರಹವನ್ನೂ ನೋಡಬೇಕು: ಮೊದಲೆರಡು ಪುಸ್ತಕಗಳ ಕಥೆಯನ್ನು ನಾಯಕಿ ಟ್ರಿಸ್ ಒಬ್ಬಳೇ ಹೇಳುತ್ತಾಳೆ, ಇಲ್ಲಿ ಟ್ರಿಸ್ ಮತ್ತು ಅವಳ ಪ್ರಿಯಕರ ಟೋಬಿಯಸ್ ಇಬ್ಬರೂ ಹೇಳುತ್ತಾರೆ, ಯಾರ ಸರದಿ ಅನ್ನುವುದು ಅಧ್ಯಾಯದ ಮೇಲಿರುವ ಹೆಸರಿನಿಂದ ತಿಳಿಯಬೇಕು. ಆ ಹೆಸರು ಮಸಿಯಲ್ಲಿ ಮುಳುಗಿದ್ದರೆ ‘ನಾನು’ ಅಂದದ್ದು ಯಾರು ಅಂತ ತಿಳಿಯದೆ ಓದುವವರು ತಡಕಾಡಬೇಕಾಗುತ್ತದೆ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಸರಿಯಿದೆ ಅಂದ ಮಾತ್ರಕ್ಕೆ ಪ್ರತಿ ಅಸಲಿ ಅಂತಲ್ಲ. ನಕಲಿ ಮಾಡುವವರು ಅಸಲಿಯ ಹಿಂದಿನ ರಟ್ಟನ್ನು ಸ್ಕ್ಯಾನ್ ಮಾಡುವಾಗ ಬಾರ್‌ಕೋಡೂ ಜೊತೆಗೇ ಬಂದಿರುತ್ತದೆ. ಅದನ್ನು ಬೇರೆ ರೀತಿ ಬಳಸಿ: ಆ 13 ಅಂಕಿಯನ್ನು ಫೋನಿನಲ್ಲಿ ಹುಡುಕಿ, ಪ್ರಕಾಶಕರು ಕೊಟ್ಟಿರುವ ಪುಟಗಳ ಸಂಖ್ಯೆ ಮತ್ತು ಅಳತೆಯನ್ನು ಕೈಯಲ್ಲಿರುವ ಪ್ರತಿಯ ಜೊತೆ ಹೋಲಿಸಿ. ಒಂದೆರಡು ಪುಟದ ವ್ಯತ್ಯಾಸ ದೊಡ್ಡದಲ್ಲ. ಅಳತೆ ಸೆಂಟಿಮೀಟರ್‌ಗಟ್ಟಲೆ ಕಡಿಮೆಯಿದ್ದರೆ ಅನುಮಾನಪಡಿ. ಹಕ್ಕುಸ್ವಾಮ್ಯದ ಪುಟದಲ್ಲಿರುವ ಐಎಸ್‌ಬಿಎನ್ ಹಿಂದಿನ ರಟ್ಟಿನದಕ್ಕೆ ಹೊಂದಬೇಕು. ಇನ್ನು ಅಕ್ಷರ ದಪ್ಪಗಾಗಿ ಒಳಗಿನ ಬಿಳಿ ಮುಚ್ಚಿರುವುದು, ಹಿಂದಿನ ಪುಟದ ಸಾಲು ಈಚೆ ಕಾಣುವುದು, ಬೆನ್ನಿನ ಮೇಲಿನ ಹೆಸರು ಒಂದು ಪಕ್ಕಕ್ಕೆ ಸರಿದಿರುವುದು, ಇವೆಲ್ಲ ಬರಿಗಣ್ಣಿಗೇ ಕಾಣುತ್ತವೆ.

ಬಾಕ್ಸ್ ಸೆಟ್, ಅಂದರೆ ಸರಣಿಯ ಪುಸ್ತಕಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಇರುವುದನ್ನು, ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಪ್ಲಾಸ್ಟಿಕ್ ಸುತ್ತಿರುವುದರಿಂದ ಒಳಗೆ ನೋಡಲು ಆಗುವುದಿಲ್ಲ. ದುಡ್ಡು ಕೊಡುವ ಮೊದಲು ಬಿಚ್ಚಿ ತೋರಿಸಲು ಕೇಳಿ, ಒಪ್ಪದಿದ್ದರೆ ಬೇಡ.

ಇನ್ನೊಂದು ಗೊಂದಲ ನಕಲಿಗೆ ಸಂಬಂಧಿಸಿದ್ದಲ್ಲ, ಆದರೂ ದುಡ್ಡು ಹೋಗುತ್ತದೆ. ‘ಕೊನೇದು ಕೊಡಿ’ ಅಂದರೆ ಕೆಲವು ಕಡೆ ಇತ್ತೀಚೆಗೆ ಬಂದದ್ದನ್ನು ಕೊಟ್ಟುಬಿಡುತ್ತಾರೆ. ಇಂಥದೇ ಇನ್ನೊಂದು ಸರಣಿಯಾದ ಹಂಗರ್ ಗೇಮ್ಸ್‌ನ ಮೂಲ ಕಥೆ ಮುಗಿಯುವುದು 2010ರ ‘ಮಾಕಿಂಗ್‌ಜೇ’ಯಲ್ಲಿ. 2020 ಮತ್ತು 2025ರಲ್ಲಿ ಬಂದವು ಹಿಂದಿನ ಕಾಲದ ಕಥೆಗಳು. ಮೇಜ್ ರನ್ನರ್ ಸರಣಿ ಮುಗಿಯುವುದು 2011ರ ‘ದಿ ಡೆತ್ ಕ್ಯೂರ್’ನಲ್ಲಿ, 2012 ಮತ್ತು 2016ರವು ಅದಕ್ಕೂ ಹಿಂದಿನ ಘಟನೆಗಳು. ಹೆಸರು ಬರೆದುಕೊಂಡೇ ಅಂಗಡಿಗೆ ಹೋಗಿ.

ವಾಟ್ಸಾಪ್, ಟೆಲಿಗ್ರಾಂನಲ್ಲಿ ಓಡಾಡುವ ಪುಸ್ತಕದ ಫೈಲುಗಳಿಂದ ದೂರವಿರಿ. ಪುಸ್ತಕದ ಹೆಸರಿರುವ ಫೈಲು ‘ಎಪಿಕೆ’ ಅಂತ ಕೊನೆಯಾದರೆ ಅದು ಪುಸ್ತಕವಲ್ಲ, ಫೋನಿಗೆ ಇಳಿಯುವ ಆ್ಯಪ್. ಅದನ್ನು ಮುಟ್ಟಲೇಬೇಡಿ.

ಕಡಿಮೆ ದುಡ್ಡಿಗೆ ಬೇಕೆಂದರೆ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಗಳಲ್ಲಿ ಬಳಸಿದ ಅಸಲಿ ಪ್ರತಿ ಹುಡುಕಿ. ಪುಟ ಹಳದಿಯಾಗಿದ್ದರೂ ಕಥೆ ಪೂರ್ತಿ ಇರುತ್ತದೆ, ಬರೆದವರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ. ಹೊಸದು ಕೊಂಡರೆ ಬಿಲ್ ಕೇಳಿ ಪಡೆಯಿರಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಪ್ರಶ್ನಿಸಿ.

ದೋಷದ ಪ್ರತಿ ಬಂದೇಬಿಟ್ಟಿದ್ದರೆ, ಸಂಖ್ಯೆ ಹಾರಿರುವ ಎದುರುಬದುರು ಪುಟಗಳು, ಹಕ್ಕುಸ್ವಾಮ್ಯದ ಪುಟ, ಹಿಂದಿನ ರಟ್ಟು, ಬಿಲ್ ಇವುಗಳ ಫೋಟೋ ತೆಗೆದಿಡಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ತಾಣದ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ದೂರಿನಲ್ಲಿ ‘ಪುಸ್ತಕ ಸರಿಯಿಲ್ಲ’ ಅಂತಷ್ಟೇ ಬರೆಯದೆ ‘449ರಿಂದ 464ರವರೆಗಿನ ಪುಟಗಳಿಲ್ಲ, 433ರಿಂದ 448 ಎರಡು ಸಲ ಇವೆ’ ಅಂತ ಸಂಖ್ಯೆ ಸಮೇತ ಬರೆಯಿರಿ.