ಟೆರೇಸ್ ತೋಟದ ಕಿಟ್: ಕೋಕೋಪೀಟ್ ಸೈ, ಚೀಲಕ್ಕೆ ದೊಡ್ಡ ನಮಸ್ಕಾರ

ಹೋದ ನವೆಂಬರ್‌ನಲ್ಲಿ ಇಲ್ಲೇ ದಾವಣಗೆರೆಯ ಒಂದು ಅಂಗಡಿಯಿಂದ 950 ರೂಪಾಯಿ ಕೊಟ್ಟು ಈ ಕಿಟ್ ತಂದೆ. 12 ಇಂಚಿನ ಹತ್ತು ಗ್ರೋಬ್ಯಾಗ್ (ಗಿಡ ಬೆಳೆಸುವ ಚೀಲ), 5 ಕೆಜಿಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಸ್ವಲ್ಪ ಎರೆಹುಳು ಗೊಬ್ಬರ, ಆರು ಪೊಟ್ಟಣ ಬೀಜ, ಸಣ್ಣ ಬಾಟಲಿಯಲ್ಲಿ ಬೇವಿನ ಎಣ್ಣೆ. ಒಂದು ಬೇಸಿಗೆ ಕಳೆಯಲಿ ಅಂತ ಕಾದು ಈಗ ಬರೆಯುತ್ತಿದ್ದೇನೆ.

ಕೋಕೋಪೀಟ್ ನಿಜಕ್ಕೂ ಚೆನ್ನಾಗಿದೆ. ಆದರೆ ನೆನೆಸಿದ ಮೇಲೆ ಬರುವ ಕಂದು ನೀರು ಚೆಲ್ಲಿ ಇನ್ನೆರಡು ಸಲ ತೊಳೆಯಬೇಕು, ಅದರಲ್ಲಿ ಉಪ್ಪು ಇರುತ್ತದೆ. ಇದನ್ನು ಕಿಟ್‌ನ ಚೀಟಿಯಲ್ಲಿ ಬರೆದಿಲ್ಲ. ಬರೀ ಕೋಕೋಪೀಟ್ ತುಂಬಿ ಅಂತ ಬರೆದಿದ್ದಾರೆ! ಹಾಗೆ ತುಂಬಿದರೆ ಮೂರು ಚೀಲಕ್ಕೇ ಖಾಲಿ, ಅದೂ ಅಲ್ಲದೆ ಅದರಲ್ಲಿ ಗಿಡಕ್ಕೆ ಊಟವೇ ಇಲ್ಲ, ನನ್ನ ಮೊದಲ ಎರಡು ಚೀಲದ ಸಸಿ ಹಳದಿಯಾಗಿ ನಿಂತೇಬಿಟ್ಟವು. ಆಮೇಲೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಸಮಸಮ ಬೆರೆಸಿದೆ. ಹೊಲದ ಕಪ್ಪು ಮಣ್ಣು ಮಾತ್ರ ಬೇಡ, ಒಣಗಿದರೆ ಕಲ್ಲಿನ ಹಾಗೆ ಬಿರಿಯುತ್ತದೆ.

ಬೀಜ ಸುಮಾರು. ಪಾಲಕ್ ಅರ್ಧವೂ ಹುಟ್ಟಲಿಲ್ಲ, ಪೊಟ್ಟಣದ ಮೇಲಿನ ತಾರೀಖು ಅಳಿಸಿಹೋಗಿತ್ತು. ಮೆಂತ್ಯ ಮೂರನೇ ದಿನಕ್ಕೇ ಮೊಳಕೆ. ಕೊತ್ತಂಬರಿಯನ್ನು ಚೊಂಬಿನ ತಳದಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿದೆ, ಹನ್ನೆರಡು ದಿನ ಸತಾಯಿಸಿ ಎದ್ದಿತು. ಆದರೆ ಅಡುಗೆಮನೆ ಡಬ್ಬಿಯಿಂದ ತೆಗೆದು ಹಾಕಿದ ಮೆಂತ್ಯವೂ ಅಷ್ಟೇ ಚೆನ್ನಾಗಿ ಬಂತು, ಹಾಗಾದರೆ ಪೊಟ್ಟಣಕ್ಕೆ ದುಡ್ಡು ಯಾಕೆ ಅಲ್ವಾ? ಸಾಯಂಕಾಲ ಮಂಡಕ್ಕಿಗೆ ಈರುಳ್ಳಿ ಹೆಚ್ಚಿಟ್ಟು ಮೇಲೆ ಓಡಿ ನಾಲ್ಕು ಎಸಳು ಕೊತ್ತಂಬರಿ ಕಿತ್ತು ತರುವ ಸುಖವೇ ಬೇರೆ. ಅತ್ತೆಗೆ ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು ಬೇಕೇ ಬೇಕು. "ಹತ್ತು ರೂಪಾಯಿಗೆ ಕಟ್ಟು ಸಿಗ್ತಿತ್ತಲ್ಲೇ" ಅನ್ನುತ್ತಲೇ ತಿನ್ನುತ್ತಾರೆ.

ಬೇವಿನ ಎಣ್ಣೆ ಪರವಾಗಿಲ್ಲ. ಲೀಟರ್ ನೀರಿಗೆ 5 ಎಂಎಲ್, ಚೂರು ಸೋಪು ಕದಡಿ ಸಂಜೆ ಹೊಡೆದೆ, ಬದನೆಯ ಬಿಳಿ ಹಿಟ್ಟು ತಿಗಣೆ ಎರಡು ವಾರದಲ್ಲಿ ಕಮ್ಮಿಯಾಯಿತು.

ಇನ್ನು ಚೀಲ. ಮಾರ್ಚ್ ಕೊನೆಗೆ ಮುಟ್ಟಿದರೆ ಪುಡಿ ಉದುರತೊಡಗಿತು. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ನಮ್ಮನೆಯವರು ಟೊಮ್ಯಾಟೊ ಚೀಲವನ್ನು ನೆರಳಿಗೆ ಇಡೋಣ ಅಂತ ಎತ್ತಿದರೆ ಅಂಚು ಮಾತ್ರ ಕೈಗೆ ಬಂತು, ಗಿಡ ಕಾಯಿ ಸಮೇತ ಮಣ್ಣೆಲ್ಲ ಟೆರೇಸ್ ಮೇಲೆ, ಅದು ನೀರಿನ ಪೈಪಿಗೂ ಇಳಿದು ಕಟ್ಟಿಕೊಂಡಿತು. ಅಂಗಡಿಯಲ್ಲಿ ಕೇಳಿದರೆ "ಅಕ್ಕಾರೆ, ಬಿಸ್ಲಲ್ಲಿ ಇಟ್ರೆ ಹಂಗೇ ಆಗುತ್ತೆ ರೀ" ಅಂದರು. ತರಕಾರಿ ಗಿಡ ಬೀರುವಿನಲ್ಲಿ ಇಡಲಾ?

ಪಕ್ಕದ ಮನೆಯವರ 220 ಜಿಎಸ್‌ಎಂ (ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ, ಹೆಚ್ಚಿದ್ದಷ್ಟೂ ದಪ್ಪ) ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಚೀಲ ಎರಡು ವರ್ಷವಾದರೂ ಗಟ್ಟಿಯಾಗಿದೆ. ತರುವಾಗ ಜಿಎಸ್‌ಎಂ ಎಷ್ಟು ಅಂತ ಕೇಳಿಯೇ ತನ್ನಿ. ನಾನು ಸದ್ಯಕ್ಕೆ ಹಳೇ ಪೇಂಟ್ ಬಕೆಟ್‌ಗೆ ತೂತು ಹೊಡೆದು ನಡೆಸುತ್ತಿದ್ದೇನೆ.

ಐದಕ್ಕೆ ಎರಡು ಸ್ಟಾರ್. ಮೊನ್ನೆ ಅದೇ ಅಂಗಡಿಗೆ ಹೋಗಿ ಕೋಕೋಪೀಟ್ ಇಟ್ಟಿಗೆ ಮಾತ್ರ ಬಿಡಿಯಾಗಿ ತಂದೆ. "ಕಿಟ್ ಬೇಡ್ವಾ ಅಕ್ಕಾರೆ?" ಅಂತ ಕೇಳಿದರು ನೋಡಿ!