ಸಿಗರೇಟು ಪಾಕೀಟಿನ ವಿನ್ಯಾಸ: ಕಲಬುರಗಿಯ ಪಾನ್ ಡಬ್ಬಿಯಲ್ಲಿ ಕಂಡಂತೆ

ಇದು ಸಿಗರೇಟಿನ ವಿಮರ್ಶೆಯಲ್ಲ, ಸಿಗರೇಟು ತುಂಬಿದ ಪಾಕೀಟಿನ ವಿಮರ್ಶೆ. ಕಲಬುರಗಿಯ ದಾಲ್ ಮಿಲ್‌ಗಳಿಗೆ ತೊಗರಿಬೇಳೆಯ ಚೀಲ, ಪೊಟ್ಟಣಗಳ ವಿನ್ಯಾಸ ಮಾಡಿಕೊಡುವುದು ನನ್ನ ಕಸುಬು. ಗಿರಾಕಿಯ ಕೈ ಯಾವ ಪೊಟ್ಟಣದ ಕಡೆಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂಬುದನ್ನು ಗಮನಿಸುವುದು ಅದರ ಒಂದು ಭಾಗ. ಸೂಪರ್ ಮಾರ್ಕೆಟ್ ಹಾಗೂ ರೈಲು ನಿಲ್ದಾಣದ ಸುತ್ತಲಿನ ಪಾನ್ ಡಬ್ಬಿಗಳಿಂದ ಬೇರೆ ಬೇರೆ ಬೆಲೆಯ ಪಾಕೀಟುಗಳನ್ನು ತಂದು, ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದ್ದೇನೆ. ನಾನು ಸೇದುವವನಲ್ಲವಾದ್ದರಿಂದ ರುಚಿಯ ಬಗ್ಗೆ ಇಲ್ಲಿ ಏನನ್ನೂ ಹೇಳುವುದಿಲ್ಲ.

ಒಂದೇ ಪಾಕೀಟಿನ ಮೇಲೆ ಇಬ್ಬರು ವಿನ್ಯಾಸಕಾರರು ಕೆಲಸ ಮಾಡಿದ್ದಾರೆ: ಒಬ್ಬರು ಸರ್ಕಾರದವರು, ಇನ್ನೊಬ್ಬರು ಕಂಪನಿಯವರು. ಸರ್ಕಾರದ ಪಾಲು ದೊಡ್ಡದು. ಚಿತ್ರಸಹಿತ ಎಚ್ಚರಿಕೆ ಮೊದಲ ಬಾರಿಗೆ ಬಂದ 2009ರ ಮೇ 31ರಂದು ಅದಕ್ಕೆ ಸಿಕ್ಕಿದ್ದು ಮುಂಭಾಗದ ಶೇ 40ರಷ್ಟು ಜಾಗ ಮಾತ್ರ. 2016ರ ಏಪ್ರಿಲ್ 1ರಿಂದ ಮುಂದೆ ಮತ್ತು ಹಿಂದೆ ಎರಡೂ ಕಡೆ ಶೇ 85ರಷ್ಟು ಜಾಗ ಎಚ್ಚರಿಕೆಗೇ ಮೀಸಲಾಯಿತು. ಅದರಲ್ಲಿ ಶೇ 60 ಚಿತ್ರಕ್ಕೆ, ಶೇ 25 ಅಕ್ಷರಕ್ಕೆ. ಈ ನಿಯಮವನ್ನು ನಮ್ಮ ರಾಜ್ಯದ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದುಪಡಿಸಿತ್ತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ತಡೆ ಸಿಗದೇ ಹೋಗಿದ್ದರೆ ಇಂದು ನನ್ನ ಮೇಜಿನ ಮೇಲಿರುವ ಪಾಕೀಟುಗಳ ಮುಖವೇ ಬೇರೆಯಾಗಿರುತ್ತಿತ್ತು.

ಮುದ್ರಣದ ದೃಷ್ಟಿಯಿಂದ ಸರ್ಕಾರದ ಕೆಲಸ ಚೆನ್ನಾಗಿದೆ. ಕೆಂಪು ಪಟ್ಟಿಯ ಮೇಲೆ ದಪ್ಪನೆಯ ಬಿಳಿ ಅಕ್ಷರ, ಅದರ ಕೆಳಗೆ ಕಪ್ಪು ಪಟ್ಟಿಯಲ್ಲಿ ಸಹಾಯವಾಣಿಯ ಸಂಖ್ಯೆ. ಪಾನ್ ಡಬ್ಬಿಯ ಮಂಕು ಬೆಳಕಿನಲ್ಲೂ ಒಂದು ಮಾರು ದೂರದಿಂದ ಓದಬಹುದು. ಇದರ ಪರಿಣಾಮವೂ ಅಳತೆಗೆ ಸಿಕ್ಕಿದೆ. ವಯಸ್ಕರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಎಚ್ಚರಿಕೆಯನ್ನು ನೋಡಿ ಬಿಡಬೇಕೆಂದು ಯೋಚಿಸಿದ್ದಾಗಿ ಹೇಳಿದ ಸಿಗರೇಟು ಸೇದುವವರು 2009-10ರಲ್ಲಿ ಶೇ 38ರಷ್ಟಿದ್ದರು. 2016-17ರಲ್ಲಿ ಅವರ ಪ್ರಮಾಣ ಸುಮಾರು ಶೇ 62ಕ್ಕೆ ಏರಿತು. ಯೋಚಿಸಿದವರೆಲ್ಲ ಬಿಟ್ಟರೆಂದೇನೂ ಅಲ್ಲ, ಆದರೂ ಬರೀ ರಟ್ಟು ಮತ್ತು ಶಾಯಿಯಿಂದ ಇಷ್ಟು ಮಾಡಿಸುವುದು ಸಣ್ಣ ಮಾತಲ್ಲ. ನನ್ನ ದೂರು ಭಾಷೆಯದು: ನಾನು ತಂದ ಒಂದು ಪಾಕೀಟಿನ ಮೇಲೂ ಕನ್ನಡವಿಲ್ಲ, ಉರ್ದುವಂತೂ ಇಲ್ಲವೇ ಇಲ್ಲ. ಈ ಎರಡು ಭಾಷೆಗಳಲ್ಲೇ ಬದುಕುವ ಊರಿನಲ್ಲಿ ಚಿತ್ರವೊಂದೇ ಎಲ್ಲವನ್ನೂ ಹೇಳಬೇಕಾಗಿದೆ.

ಇನ್ನು ಕಂಪನಿಯವರ ಪಾಲು. ಉಳಿದ ಶೇ 15ರಷ್ಟು ಜಾಗದಲ್ಲಿ ಅವರು ತೋರಿಸಿರುವ ಜಾಣ್ಮೆಗೆ ಕಸುಬಿನವನಾಗಿ ತಲೆದೂಗುತ್ತೇನೆ, ಮೆಚ್ಚುವುದಿಲ್ಲ. ತೆಳ್ಳನೆಯ ಸಿಗರೇಟುಗಳ ಒಂದು ಪಾಕೀಟನ್ನು ಹತ್ತಿರದಿಂದ ನೋಡೋಣ. ಮುಖದ ತುಂಬ ಗಂಟಲಿನ ಹುಣ್ಣು; ಆದರೆ ಮೇಲಂಚಿನಲ್ಲಿ ಮತ್ತು ಎರಡು ಪಕ್ಕಗಳಲ್ಲಿ ಪುದೀನದ ಹಸಿರು, ಅದರ ಮೇಲೆ ಬೆಳ್ಳಿಯ ಗೆರೆ. ಮುಚ್ಚಳ ತೆರೆದರೆ ಒಳಗಿನ ತಗಡಿನ ಹಾಳೆಯ ಮೇಲೆ ಉಬ್ಬಚ್ಚು. ಮುಚ್ಚಳ ತೆರೆದ ಕ್ಷಣದಿಂದ ಹುಣ್ಣು ಹಿಂದಕ್ಕೆ ಸರಿದು, ಕಣ್ಣಿಗೆ ಉಳಿಯುವುದು ತಂಪಿನ ಭಾವನೆಯೊಂದೇ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಆ ಹಸಿರು ಏನು ಕೆಲಸ ಮಾಡುತ್ತದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣದ ಈ ಆಟ ಹೊಸದಲ್ಲ. ಕಡು ಕೆಂಪು ಕಂಡರೆ ಖಡಕ್ಕು, ಬಿಳಿ, ಬೆಳ್ಳಿ, ತಿಳಿನೀಲಿ ಕಂಡರೆ ಹಗುರ ಎಂದು ಗಿರಾಕಿ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಮಸುಕು ಬಣ್ಣದ ಪಾಕೀಟಿನ ಸಿಗರೇಟು ಕಡಿಮೆ ಹಾನಿಕರವೆಂದು ಸೇದುವವರು ಭಾವಿಸುವುದನ್ನು ಹಲವು ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. 2010ರ ಜೂನ್‌ನಲ್ಲಿ ಅಮೆರಿಕ ‘ಲೈಟ್’, ‘ಮೈಲ್ಡ್’ ಎಂಬ ಪದಗಳನ್ನು ನಿಷೇಧಿಸಿದಾಗ ಮಾರ್ಲ್‌ಬೊರೊ ಲೈಟ್ಸ್ ಎಂಬುದು ಮಾರ್ಲ್‌ಬೊರೊ ಗೋಲ್ಡ್ ಆಯಿತು. ಪದ ಹೋಯಿತು, ಅದರ ಕೆಲಸವನ್ನು ಬಣ್ಣ ವಹಿಸಿಕೊಂಡಿತು. ಹಗುರವೆಂಬ ಸಿಗರೇಟಿನಲ್ಲಿ ನಿಜವಾಗಿ ಇರುವುದು ಫಿಲ್ಟರಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಅಳೆಯುವ ಯಂತ್ರ ಎಳೆದಾಗ ಆ ತೂತುಗಳಿಂದ ಗಾಳಿ ಸೇರಿ ಟಾರ್ ಕಡಿಮೆ ತೋರುತ್ತದೆ. ಮನುಷ್ಯ ಸೇದುವಾಗ ಬೆರಳೋ ತುಟಿಯೋ ತೂತುಗಳನ್ನು ಮುಚ್ಚುತ್ತದೆ, ನಿಕೋಟಿನ್ ಸಾಲದೆ ಆತ ಇನ್ನಷ್ಟು ಆಳವಾಗಿ ದಮ್ಮು ಎಳೆಯುತ್ತಾನೆ. ಬೇಳೆ ಚೀಲದ ಮೇಲೆ ನಾನು ಹಚ್ಚುವ ಹಳದಿ ಒಳಗಿನ ಬೇಳೆಗಿಂತ ಸ್ವಲ್ಪ ಹೆಚ್ಚೇ ಹೊಳೆಯಬಹುದು, ಆದರೆ ಅದರಿಂದ ಯಾರ ಶ್ವಾಸಕೋಶಕ್ಕೂ ಕುತ್ತು ಬಂದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನನ್ನ ಮೇಜಿನ ಮೇಲೆ ನಡೆದದ್ದು ಅರ್ಧ ಪರೀಕ್ಷೆ ಮಾತ್ರ. ಇನ್ನರ್ಧ ನಡೆಯಬೇಕಾದದ್ದು ಪಾನ್ ಡಬ್ಬಿಯ ಮುಂದೆ. ನಿಲ್ದಾಣದ ಹತ್ತಿರ ಒಂದು ಸಂಜೆ ನಿಂತು ನೋಡಿದಾಗ, ಇಡೀ ಪಾಕೀಟು ಕೊಂಡವರು ವಿರಳ. “ಕಾಕಾ, ಒಂದ್ ಕೊಡ್ರಿ” ಎನ್ನುವವರೇ ಹೆಚ್ಚು. ಎಲೆ, ಸುಣ್ಣ, ಅಡಿಕೆಗಳ ಹಿಂದೆ ಮುಚ್ಚಳ ತೆರೆದ ಪಾಕೀಟುಗಳು ಒತ್ತಾಗಿ ನಿಂತಿರುತ್ತವೆ. ಗಿರಾಕಿಗೆ ಕಾಣುವುದು ಮುಚ್ಚಳದ ಅಂಚಿನ ಬಣ್ಣ ಮತ್ತು ಫಿಲ್ಟರುಗಳ ಸಾಲು, ಅಂದರೆ ಕಂಪನಿಯವರ ಶೇ 15 ಮಾತ್ರ. ಸರ್ಕಾರದ ಶೇ 85 ಒಂದರ ಬೆನ್ನಿಗೆ ಒಂದು ಒತ್ತಿಕೊಂಡು ಒಳಗೇ ಉಳಿಯುತ್ತದೆ. ಚಿತ್ರದ ಬಗ್ಗೆ ಕೇಳಿದ್ದಕ್ಕೆ ಅಂಗಡಿಯವರು ನಕ್ಕು, “ಫೋಟೋ ಯಾರ್ ನೋಡ್ತಾರ್ರೀ ಸರ, ದಿನಾ ನೋಡಾಂವ ನಾನೊಬ್ಬನೇ” ಎಂದರು.

ಬಿಡಿ ಮಾರಾಟವನ್ನು 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ನಿಷೇಧಿಸಿದೆ. 21 ವರ್ಷದೊಳಗಿನವರಿಗೆ ಮಾರುವುದನ್ನೂ, ಶಾಲಾ ಕಾಲೇಜುಗಳ 100 ಮೀಟರ್ ಒಳಗೆ ಮಾರುವುದನ್ನೂ ತಡೆದಿದೆ. ಕಾಯ್ದೆ ಓದಲು ಚೆನ್ನಾಗಿದೆ. ಆದರೆ ಕೈಯಲ್ಲಿ ಹತ್ತಿಪ್ಪತ್ತು ರೂಪಾಯಿ ಹಿಡಿದು ಬರುವ ಹುಡುಗನಿಗೆ ಇಡೀ ಪಾಕೀಟಿನ ಬೆಲೆಯೇ ದೊಡ್ಡ ಅಡ್ಡಿಯಾಗಬೇಕಿತ್ತು, ಬಿಡಿ ಮಾರಾಟ ಆ ಅಡ್ಡಿಯನ್ನೂ ಚಿತ್ರವನ್ನೂ ಒಟ್ಟಿಗೇ ತೆಗೆದುಹಾಕುತ್ತದೆ.

ಹಾಗಾದರೆ ಒಳ್ಳೆಯ ವಿನ್ಯಾಸ ಯಾವುದು? 2012ರ ಡಿಸೆಂಬರಿನಿಂದ ಆಸ್ಟ್ರೇಲಿಯ ಎಲ್ಲ ಬ್ರ್ಯಾಂಡುಗಳಿಗೂ ಒಂದೇ ಕೊಳಕು ಕಂದು ಬಣ್ಣ, ಒಂದೇ ಅಕ್ಷರಶೈಲಿಯನ್ನು ಕಡ್ಡಾಯ ಮಾಡಿತು. ಆ ಪಾಕೀಟುಗಳಿಂದ ಸೇದಿದವರು ತಮ್ಮ ಸಿಗರೇಟಿನ ಗುಣಮಟ್ಟ ಮೊದಲಿನಂತಿಲ್ಲ, ಸಮಾಧಾನವಾಗುವುದಿಲ್ಲ ಎಂದು ಹೇಳಿದ್ದು ಅಲ್ಲಿನ ಅಧ್ಯಯನದಲ್ಲಿ ದಾಖಲಾಗಿದೆ. ಅಂದರೆ ರುಚಿಯ ಒಂದು ಪಾಲು ರಟ್ಟಿನಲ್ಲೇ ಇತ್ತು. ಆದರೂ ನಮ್ಮ ಊರಿಗೆ ಹೆಚ್ಚು ಹೊಂದುವುದು ಕೆನಡಾದ ದಾರಿ. 2023ರ ಆಗಸ್ಟಿನಲ್ಲಿ ಜಾರಿಗೆ ಬಂದ ಅಲ್ಲಿನ ನಿಯಮದ ಪ್ರಕಾರ, ಪ್ರತಿ ಸಿಗರೇಟಿನ ಫಿಲ್ಟರಿಗೆ ಸುತ್ತಿದ ಕಾಗದದ ಮೇಲೆಯೇ ಎಚ್ಚರಿಕೆಯನ್ನು ಮುದ್ರಿಸಬೇಕು. ಒಂದೊಂದಾಗಿ ಮಾರಿದರೂ ಆ ಸಾಲು ಸೇದುವವನ ಬೆರಳುಗಳ ನಡುವೆ ಇರುತ್ತದೆ. ಮುದ್ರಣದವನಾಗಿ ಹೇಳುವುದಾದರೆ ಇದು ಕಷ್ಟದ ಕೆಲಸವೇ ಅಲ್ಲ. ಬ್ರ್ಯಾಂಡಿನ ಹೆಸರು, ಬಂಗಾರದ ಗೆರೆ ಎಲ್ಲವೂ ಈಗಲೂ ಅದೇ ಜಾಗದಲ್ಲಿ ಅಚ್ಚಾಗುತ್ತಿವೆ.

ಅಂಕ ಕೊಡುವುದಾದರೆ, ಮೇಜಿನ ಮೇಲಿಟ್ಟ ಪಾಕೀಟಿಗೆ ಐದರಲ್ಲಿ ನಾಲ್ಕು, ಪಾನ್ ಡಬ್ಬಿಯಲ್ಲಿ ಮುಚ್ಚಳ ತೆರೆದು ನಿಂತ ಅದೇ ಪಾಕೀಟಿಗೆ ಒಂದು. ಕಪ್ಪು ಪಟ್ಟಿಯಲ್ಲಿರುವ ಸಹಾಯವಾಣಿಯ ಸಂಖ್ಯೆ 1800-11-2356. ಕರೆ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತನಾಡಬಹುದು. ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಅದು ಬೀಳುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.